ಬೇಳೆ ಬೇಯುವಾಗ ಕಿತ್ತ ಟೊಮೆಟೊ

ಎಡಿಸನ್, ನ್ಯೂಜೆರ್ಸಿ
ಆಗಸ್ಟ್ 16, 2025, ಶನಿವಾರ

ಪ್ರೀತಿಯ ಅಮ್ಮ, ಅಪ್ಪ,

ನಮಸ್ಕಾರ. ಇಲ್ಲಿ ನಾವು ನಾಲ್ಕೂ ಜನ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಈಗ ಹೇಗಿದೆ? ರಾಗಿ ಪೈರಿಗೆ ಕುಂಟೆ ಹೊಡೆದಾಯಿತಾ? ಮಳೆ ಎರಡು ದಿನ ಬಿಡುವು ಕೊಟ್ಟಿದೆ ಅಂತ ಅಣ್ಣ ಹೇಳಿದ. ಹದ ಸಿಕ್ಕಿರಬೇಕು.

ಇಲ್ಲಿ ಈಗ ಬೆಳಗ್ಗೆ ಏಳು ಗಂಟೆ. ಅಲ್ಲಿ ಸಂಜೆ ನಾಲ್ಕೂವರೆ. ಶ್ರಾವಣ ಶನಿವಾರದ ಪೂಜೆ, ಊಟ ಎಲ್ಲ ಮುಗಿದು ನೀವಿಬ್ಬರೂ ಜಗಲಿ ಮೇಲೆ ಕೂತಿರುತ್ತೀರಿ. ಮಕ್ಕಳು ಇನ್ನೂ ಎದ್ದಿಲ್ಲ. ನಾನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆರಳಿಗೆ ಟೊಮೆಟೊ ಗಿಡದ ಹಸಿರು ಹತ್ತಿದೆ. ಕಾಗದದ ಮೇಲೆ ಅಲ್ಲಲ್ಲಿ ಕಲೆ ಕಂಡರೆ ಅದೇ.

ಹೋದ ಭಾನುವಾರ ಫೋನಿನಲ್ಲಿ ಟೊಮೆಟೊ ಗಿಡ ತೋರಿಸಿದೆನಲ್ಲ, ಆಗ ಅಮ್ಮ ಕೇಳಿದ್ದು ಒಂದೇ ಮಾತು. "ಬಣ್ಣ ಇರಲಿ, ರುಚಿ ಹೆಂಗಿದೆ?" ನಾನು "ತುಂಬಾ ಚೆನ್ನಾಗಿದೆ" ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆಮೇಲೆ ವಾರವೆಲ್ಲ ಅದೇ ತಲೆಯಲ್ಲಿತ್ತು. ತುಂಬಾ ಚೆನ್ನಾಗಿದೆ ಅಂದರೆ ಏನು ಹೇಳಿದ ಹಾಗಾಯಿತು? ಫೋನಿನಲ್ಲಿ ಅವಸರ ಅವಸರ. ಅದಕ್ಕೇ ಈ ಕಾಗದ. ಅಪ್ಪ, ಅಮ್ಮನ ಕನ್ನಡಕ ಸಿಗದಿದ್ದರೆ ನೀವೇ ಓದಿ ಹೇಳಿ.

ರುಚಿ ಹೀಗಿದೆ ಅಮ್ಮ. ಮೊದಲು ಹುಳಿ ಬರುತ್ತದೆ, ನಮ್ಮ ನಾಟಿ ಟೊಮೆಟೊದ ಹುಳಿಯೇ. ಆದರೆ ಚೂಪಾಗಿಲ್ಲ. ಅದರ ಹಿಂದೆಯೇ ಸಿಹಿ. ಆಮೇಲೆ ನುಂಗಿದ ಮೇಲೂ ಬಾಯಲ್ಲಿ ಉಳಿಯುವ ಒಂದು ಘಮ ಇದೆಯಲ್ಲ, ಗಿಡದ ತೊಟ್ಟು ಮುಟ್ಟಿದರೆ ಕೈಗೆ ಬರುವ ವಾಸನೆ, ಅದು. ಮೊನ್ನೆ ಒಂದನ್ನು ಅಂಗಿಯ ತುದಿಯಲ್ಲಿ ಒರೆಸಿ, ಅಲ್ಲೇ ನಿಂತು ಕಚ್ಚಿದೆ. ಬಿಸಿಲಿಗೆ ಬೆಚ್ಚಗಿತ್ತು. ರಸ ಮೊಣಕೈವರೆಗೆ ಇಳಿಯಿತು. ಉಪ್ಪು ಬೇಕು ಅನ್ನಿಸಲೇ ಇಲ್ಲ.

ನಿಮಗೆ ಇದು ದೊಡ್ಡ ವಿಷಯ ಅಲ್ಲ ಅನ್ನಿಸಬಹುದು. ಆದರೆ ಇಲ್ಲಿ ಜನವರಿಯಲ್ಲಿ ಅಂಗಡಿಯ ಟೊಮೆಟೊ ತಿಂದವರಿಗೆ ಗೊತ್ತು. ನೋಡಲು ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರುತ್ತವೆ. ಹೆಚ್ಚಿದರೆ ಒಳಗೆ ಬೆಂಡು. ದೂರದಿಂದ ಲಾರಿಯಲ್ಲಿ ಬರಬೇಕಲ್ಲ, ಅದಕ್ಕೆ ಹಸಿರಿದ್ದಾಗಲೇ ಕೀಳುತ್ತಾರೆ. ಆಮೇಲೆ ಎಥಿಲೀನ್ ಅನ್ನುವ ಅನಿಲ ಬಿಟ್ಟು ಕೆಂಪಗೆ ಮಾಡುತ್ತಾರೆ. ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ನಾನೂ ಒಂದು ತಪ್ಪು ಮಾಡುತ್ತಿದ್ದೆ. ಟೊಮೆಟೊ ತಂದ ಕೂಡಲೇ ಫ್ರಿಜ್ಜಿಗೆ ಹಾಕುತ್ತಿದ್ದೆ. ತಣ್ಣಗಿನಲ್ಲಿ ಇಟ್ಟರೆ ಅದರ ಘಮವೇ ಹೋಗಿಬಿಡುತ್ತದೆ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ನೀನು ಯಾವತ್ತೂ ಮಂಕರಿಯಲ್ಲೇ ಇಡುತ್ತಿದ್ದೆ. ಯಾಕೆ ಅಂತ ನಾನು ಕೇಳಿರಲಿಲ್ಲ.

ನೀವು ಇಲ್ಲಿಗೆ ಬಂದಿದ್ದು ನವೆಂಬರ್‌ನಲ್ಲಿ. ಆಗ ಈ ಜಾಗದಲ್ಲಿ ಒಣ ಎಲೆ ಬಿಟ್ಟರೆ ಏನೂ ಇರಲಿಲ್ಲ. ಈಗ ನೋಡಬೇಕು ನೀವು. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ನಮ್ಮ ಕಣದ ಒಂದು ಮೂಲೆಯಷ್ಟೂ ಇಲ್ಲ. ಅಷ್ಟರಲ್ಲಿ ಆರು ಟೊಮೆಟೊ, ನಾಲ್ಕು ಬದನೆ, ಮೆಣಸಿನ ಗಿಡ, ಸೌತೆ ಬಳ್ಳಿ, ಹುರುಳಿಕಾಯಿ, ಒಂದು ಮೂಲೆಯಲ್ಲಿ ಮುಸುಕಿನ ಜೋಳ, ಬೇಲಿಗೆ ಅವರೆ ಬಳ್ಳಿ. ಕರಿಬೇವು ಮಾತ್ರ ಕುಂಡದಲ್ಲಿದೆ. ಚಳಿ ಶುರುವಾದರೆ ಅದನ್ನು ಎತ್ತಿ ಒಳಗೆ ಇಡಬೇಕು, ಇಲ್ಲದಿದ್ದರೆ ಸತ್ತೇ ಹೋಗುತ್ತದೆ.

ಈ ರಾಜ್ಯಕ್ಕೆ ಗಾರ್ಡನ್ ಸ್ಟೇಟ್ ಅಂತಲೇ ಹೆಸರು. ಕಾರಿನ ನಂಬರ್ ಪ್ಲೇಟಿನ ಮೇಲೂ ಬರೆದಿರುತ್ತದೆ. ಹೈವೇ, ಗೋದಾಮು ಅಷ್ಟೇ ನೋಡಿದವರು ಯಾವ ತೋಟ ಅಂತ ಕೇಳುತ್ತಾರೆ. ಊರು ದಾಟಿ ದಕ್ಷಿಣಕ್ಕೆ ಹೋದರೆ ಗೊತ್ತಾಗುತ್ತದೆ. ರಸ್ತೆ ಬದಿಯಲ್ಲಿ ರೈತರು ಮೇಜು ಹಾಕಿ ಜೋಳ, ಟೊಮೆಟೊ, ಪೀಚ್ ಹಣ್ಣು ಇಟ್ಟಿರುತ್ತಾರೆ. ಕೆಲವು ಕಡೆ ಮಾರುವವರೇ ಇರುವುದಿಲ್ಲ. ಒಂದು ಡಬ್ಬ ಇರುತ್ತದೆ. ದುಡ್ಡು ಹಾಕಿ, ಬೇಕಾದ್ದು ತಗೊಂಡು ಹೋಗುವುದು.

ಅಪ್ಪ, ಇದು ನಿಮಗೆ ಇಷ್ಟವಾಗುತ್ತದೆ. ನಾನು ಹಾಕಿರುವ ಟೊಮೆಟೊ ತಳಿಯ ಹೆಸರು ರಟ್ಗರ್ಸ್. ಇಲ್ಲೇ ಹತ್ತಿರದ ರಟ್ಗರ್ಸ್ ವಿಶ್ವವಿದ್ಯಾಲಯದವರು 1934ರಲ್ಲಿ ಬಿಡುಗಡೆ ಮಾಡಿದ ತಳಿ. ಡಬ್ಬದ ಸೂಪ್ ಮಾಡುವ ಕಂಪನಿಯ ಒಂದು ತಳಿಯನ್ನೂ ಇನ್ನೊಂದು ತಳಿಯನ್ನೂ ಕೂಡಿಸಿ ಮಾಡಿದ್ದು. ಒಂದು ಕಾಲಕ್ಕೆ ಎಲ್ಲರ ಹೊಲದಲ್ಲೂ ಅದೇ ಇತ್ತಂತೆ. ಆಮೇಲೆ ಗಟ್ಟಿ ಸಿಪ್ಪೆಯ, ಲಾರಿಯಲ್ಲಿ ಜಜ್ಜದ ತಳಿಗಳು ಬಂದವು. ಇದು ಹಿಂದೆ ಬಿತ್ತು. ಜನ "ಹಳೇ ರುಚಿ ಎಲ್ಲಿ?" ಅಂತ ಕೇಳುತ್ತಲೇ ಇದ್ದರು. ಕೊನೆಗೆ 2016ರಲ್ಲಿ, ವಿಶ್ವವಿದ್ಯಾಲಯಕ್ಕೆ 250 ವರ್ಷ ತುಂಬಿದಾಗ, ಆ ರುಚಿಗೆ ಹತ್ತಿರದ ಹೊಸ ತಳಿ ಮಾಡಿ ಬಿಟ್ಟರು. ನೀವು ಇಂಡಾಫ್ ರಾಗಿ ಬಗ್ಗೆ ಹೇಳುವಾಗ ನಿಮ್ಮ ಮುಖ ಹೇಗೆ ಅರಳುತ್ತದೋ, ಇಲ್ಲಿನ ಹಳಬರು ಈ ಟೊಮೆಟೊ ಬಗ್ಗೆ ಮಾತಾಡುವಾಗಲೂ ಹಾಗೇ ಆಗುತ್ತದೆ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ರಾಗಿ ಲಕ್ಷ್ಮಣಯ್ಯನವರು ಮಾಡಿದ್ದು ಅಂತ ನೀವು ಎಷ್ಟು ಸಲ ಹೇಳಿದ್ದೀರಿ. ಬೀಜದ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಅಂತ ನನಗೆ ಗೊತ್ತಾಗಿದ್ದೇ ನಿಮ್ಮಿಂದ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಅವರ ಅಪ್ಪ ಅಮ್ಮ ಇಟಲಿಯಿಂದ ಬಂದವರು. ನಾನು ತೋಟ ಮಾಡಿದ ಮೊದಲ ವರ್ಷ ಏಪ್ರಿಲ್ ಕೊನೆಗೇ ಸಸಿ ನೆಟ್ಟೆ. ಬಿಸಿಲು ಚೆನ್ನಾಗಿತ್ತು, ಇನ್ನೇನು ಬೇಕು ಅಂದುಕೊಂಡೆ. ಅವರು ಬೇಲಿ ಆಚೆಯಿಂದ ನೋಡಿ ತಲೆ ಅಲ್ಲಾಡಿಸಿದರು. ಮೇ ಮೊದಲ ವಾರ ಒಂದು ರಾತ್ರಿ ಹಿಮ ಕಟ್ಟಿತು. ಬೆಳಗ್ಗೆ ನೋಡಿದರೆ ಎಲ್ಲ ಸಸಿಗಳೂ ಬಿಸಿನೀರು ಸುರಿದ ಸೊಪ್ಪಿನ ಹಾಗೆ ಜೋತು ಬಿದ್ದಿದ್ದವು. ಮೇ ತಿಂಗಳ ಎರಡನೇ ಭಾನುವಾರ ಇಲ್ಲಿ ತಾಯಂದಿರ ದಿನ. ಅದು ಕಳೆಯುವವರೆಗೆ ಟೊಮೆಟೊ ಹೊರಗೆ ನೆಡಬಾರದು ಅನ್ನುವುದು ಅವರ ಲೆಕ್ಕ. ನೀವು ರೋಹಿಣಿ, ಮೃಗಶಿರಾ ಅಂತ ಮಳೆ ಲೆಕ್ಕ ಹಾಕುತ್ತೀರಲ್ಲ, ಹಾಗೆ. ಅವತ್ತೇ ಅವರು ತಮ್ಮ ಒಟ್ಟಲಿನಿಂದ ಆರು ಸಸಿ ತಂದು ಕೊಟ್ಟರು. ಇವತ್ತಿಗೂ ನಾನು ಆ ಲೆಕ್ಕ ಮೀರಿಲ್ಲ.

ಅವರ ಮನೆ ಮುಂದೆ ಒಂದು ಅಂಜೂರದ ಗಿಡ ಇದೆ. ಅಂಜೂರ ಈ ಚಳಿ ತಡೆಯುವ ಗಿಡ ಅಲ್ಲ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಅವರು ಕೊಂಬೆಗಳನ್ನೆಲ್ಲ ಹಗ್ಗದಲ್ಲಿ ಒಟ್ಟು ಕಟ್ಟಿ, ಗೋಣಿತಾಟು ಸುತ್ತಿ, ಮೇಲೊಂದು ಬಕೆಟ್ ಬೋರಲು ಹಾಕುತ್ತಾರೆ. ದೂರದಿಂದ ನೋಡಿದರೆ ಯಾರೋ ಕಂಬಳಿ ಹೊದ್ದು ನಿಂತ ಹಾಗೆ ಕಾಣುತ್ತದೆ. ನೀವು ಬಂದಾಗ ಅಮ್ಮ ಅದೇನು ಅಂತ ಕೇಳಿದ್ದಳು, ನೆನಪಿದೆಯಾ? ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹಳ್ಳಿ ಬಿಟ್ಟು ಬಂದ ಇಟಲಿಯವರು ಇಲ್ಲಿ ಎಷ್ಟೋ ಕಡೆ ಹೀಗೇ ಮಾಡಿಕೊಂಡು ಬಂದಿದ್ದಾರೆ. ನನ್ನ ಕರಿಬೇವಿನ ಕುಂಡ ನೋಡಿ ಅವರು ಏನೂ ಕೇಳಲಿಲ್ಲ. ಸುಮ್ಮನೆ ಎಲೆ ಮುರಿದು ಮೂಸಿ ನೋಡಿದರು. ಅವರಿಗೆ ಅರ್ಥವಾಯಿತು ಅಂತ ನನಗೆ ಗೊತ್ತಾಯಿತು.

ಜೋಳದ ಕಥೆ ಹೇಳಬೇಕು. ಹೋದ ವರ್ಷ ಬೇಲಿ ಉದ್ದಕ್ಕೂ ಒಂದೇ ಸಾಲು ಹಾಕಿದ್ದೆ. ಗಿಡ ಆಳೆತ್ತರ ಬಂತು. ತೆನೆ ಸುಲಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಕಾಳು, ಇಲ್ಲೊಂದು ಕಾಳು. ಗೊಬ್ಬರ ಸಾಲದು ಅಂದುಕೊಂಡೆ. ಅದಲ್ಲ ಕಾರಣ. ತೆನೆಯ ತುದಿಯಲ್ಲಿ ಕೂದಲು ಇರುತ್ತದಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುತ್ತದೆ. ಮೇಲಿನ ಹೂವಿನಿಂದ ಗಾಳಿಯಲ್ಲಿ ಪುಡಿ ಉದುರಿ ಆ ಎಳೆಗೆ ಅಂಟಿದರೆ ಮಾತ್ರ ಕಾಳು ಕಟ್ಟುತ್ತದೆ. ಒಂದೇ ಸಾಲಾದರೆ ಪುಡಿಯೆಲ್ಲ ಗಾಳಿಪಾಲು. ಹೊಲದ ತುಂಬ ಜೋಳ ಇರುವ ಕಡೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಈ ವರ್ಷ ನಾಲ್ಕು ಸಾಲು, ಸಾಲಿಗೆ ನಾಲ್ಕು, ಚೌಕವಾಗಿ ಹಾಕಿದೆ. ತೆನೆ ತುದಿವರೆಗೂ ತುಂಬಿ ಬಂದಿದೆ.

ಇಲ್ಲಿನ ಹಳಬರು ಒಂದು ಮಾತು ಹೇಳುತ್ತಾರೆ: ಮೊದಲು ಒಲೆ ಮೇಲೆ ನೀರಿಡು, ಆಮೇಲೆ ಜೋಳ ಮುರಿಯಲು ಹೋಗು. ಗಿಡದಿಂದ ಬಿಡಿಸಿದ ಗಳಿಗೆಯಿಂದಲೇ ಜೋಳದ ಸಕ್ಕರೆ ಹಿಟ್ಟಾಗುತ್ತಾ ಹೋಗುತ್ತದೆ. ಬಿಸಿಲಿದ್ದರೆ ಇನ್ನೂ ಬೇಗ. ಮೊನ್ನೆ ಚಿಕ್ಕವನನ್ನು ಒಲೆ ಹತ್ತಿರ ನಿಲ್ಲಿಸಿ, ನೀರು ಕುದಿ ಬಂದಾಗ ಕೂಗು ಅಂದೆ. ಅವನು ಕೂಗಿದ, ದೊಡ್ಡವಳು ಓಡಿ ಹೋಗಿ ನಾಲ್ಕು ತೆನೆ ಮುರಿದು ತಂದಳು. ದಾರಿಯಲ್ಲೇ ಸುಲಿದಿದ್ದಳು. ಐದೇ ನಿಮಿಷ ಬೇಯಿಸಿದ್ದು. ಬೆಣ್ಣೆ ಇಲ್ಲ, ಉಪ್ಪಿಲ್ಲ. ಯಾರೂ ಮಾತಾಡಲಿಲ್ಲ, ತಿಂದು ಮುಗಿಯುವವರೆಗೆ. ನಿಮ್ಮ ಅಳಿಯ ಮಾತ್ರ ತಮ್ಮದನ್ನು ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು, ಉಪ್ಪು, ಖಾರದಪುಡಿ ಸವರಿಕೊಂಡು ತಿಂದರು. ಬಸ್ ಸ್ಟ್ಯಾಂಡಿನ ಜೋಳ ನೆನಪಾಯಿತಂತೆ.

ಆಗ ನನಗೆ ನೀನು ನೆನಪಾದೆ ಅಮ್ಮ. ಬೇಳೆ ಬೆಂದು ಸಾರಿಗೆ ಹಾಕುವ ಹೊತ್ತಿಗೆ ಒಳಗಿನಿಂದ ಕೂಗುತ್ತಿದ್ದೆ: "ಹಿತ್ತಲಿಗೆ ಹೋಗಿ ಎರಡು ಟೊಮೆಟೊ ಕಿತ್ಕೊಂಡು ಬಾ, ಹಂಗೇ ಒಂದೆಸಳು ಕರಿಬೇವು." ನಾನು ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಬೆಳಗ್ಗೆಯೇ ಕಿತ್ತಿಟ್ಟುಕೊಂಡರೆ ಏನಾಗುತ್ತದೆ ಅಂತ ಗೊಣಗುತ್ತಿದ್ದೆ. ನೀನು ಒಂದು ದಿನವೂ ಕಿತ್ತಿಟ್ಟುಕೊಳ್ಳಲಿಲ್ಲ. ಅಷ್ಟು ಕೆಲಸ ಇದ್ದರೂ, ಒಲೆಗೂ ಗಿಡಕ್ಕೂ ನಡುವೆ ಹತ್ತು ಹೆಜ್ಜೆ ಮಾತ್ರ ಇರಬೇಕು ನಿನಗೆ. ಆ ಸಾರಿನ ರುಚಿಗೆ ನಿನ್ನ ಕೈ ಕಾರಣ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಕೈಯೂ ಹೌದು, ಆ ಹತ್ತು ಹೆಜ್ಜೆಯೂ ಹೌದು.

ಈಗ ಸೊಪ್ಪಿನ ವಿಷಯ. ನೀನು ನಂಬಲಿಕ್ಕಿಲ್ಲ. ನಾವು ದುಡ್ಡು ಕೊಟ್ಟು ಬೀಜ ತಂದು ಬಿತ್ತಿದ ಪಾಲಕ್ ಜೂನ್ ಸೆಖೆಗೆ ಹೂ ಬಿಟ್ಟು ಹಾಳಾಯಿತು. ಅದರ ಪಕ್ಕದಲ್ಲಿ ನಾನು ಬಿತ್ತದೇ ಇದ್ದ ಮೂರು ಸೊಪ್ಪು ತಾವಾಗೇ ಎದ್ದವು. ಒಂದು ದಂಟಿನ ಜಾತಿಯದು. ಇಲ್ಲಿ ಅದಕ್ಕೆ ಪಿಗ್‌ವೀಡ್ ಅನ್ನುತ್ತಾರೆ, ಅಂದರೆ ಹಂದಿ ಕಳೆ. ಇನ್ನೊಂದು ನಮ್ಮ ಗೋಣಿ ಸೊಪ್ಪು, ನೆಲಕ್ಕೆ ಹಬ್ಬಿಕೊಂಡು, ದಪ್ಪ ಎಲೆ, ಕೆಂಪು ಕಡ್ಡಿ. ಮೂರನೆಯದು ಚಕ್ಕೋತದ ಜಾತಿ, ಎಲೆಯ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಪುಡಿ. ಇಲ್ಲಿ ಬಹಳ ಜನ ಇವನ್ನೆಲ್ಲ ಕಿತ್ತು ಕಸಕ್ಕೆ ಹಾಕುತ್ತಾರೆ. ನಾನು ಮಂಡಿಯೂರಿ ಕೂತು ಎಳೇ ಕುಡಿಗಳನ್ನೆಲ್ಲ ಚಿವುಟಿದೆ. ಬೆರಕೆ ಸೊಪ್ಪು ಅಂತ ನೀನು ಮಳೆಗಾಲದಲ್ಲಿ ಹೊಲದ ಬದುವಿನಿಂದ ಮಡಿಲು ತುಂಬ ತರುತ್ತಿದ್ದೆಯಲ್ಲ, ಅದೇ ಇದು. ಅಮೆರಿಕದಲ್ಲಿ ಬೆರಕೆ ಸೊಪ್ಪು!

ದೊಡ್ಡವಳಿಗೂ ಕೀಳಲು ಕಲಿಸಿದ್ದೇನೆ. ಗೋಣಿ ಸೊಪ್ಪಿನ ಹಾಗೇ ನೆಲಕ್ಕೆ ಹಬ್ಬುವ ಇನ್ನೊಂದು ಗಿಡ ಇದೆ, ಅದು ತಿನ್ನುವುದಲ್ಲ. ಕಡ್ಡಿ ಮುರಿದರೆ ಬಿಳಿ ಹಾಲು ಬರುತ್ತದೆ. "ಹಾಲು ಬಂದರೆ ಬಿಟ್ಟುಬಿಡು" ಅಂತ ಹೇಳಿಕೊಟ್ಟೆ. ಈಗ ಅವಳು ಪ್ರತಿ ಕಡ್ಡಿ ಮುರಿದು, ಕಣ್ಣಿನ ಹತ್ತಿರ ಹಿಡಿದು ನೋಡಿಯೇ ಪುಟ್ಟಿಗೆ ಹಾಕುತ್ತಾಳೆ. ಗುರುತು ಸಿಗದ ಗಿಡವನ್ನು ನಾನೂ ಮುಟ್ಟುವುದಿಲ್ಲ, ನೀನು ಚಿಂತೆ ಮಾಡಬೇಡ.

ಬಸ್ಸಾರು ಮಾಡಿದೆ. ಸೊಪ್ಪು, ತೊಗರಿಬೇಳೆ ಬೇಯಿಸಿ ಬಸಿದು, ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದೆ. ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ರಾಗಿ ಹಿಟ್ಟು ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಚಿಕ್ಕವನು ಮುದ್ದೆ ಮುರಿಯುವುದು ಕಲಿತಿದ್ದಾನೆ, ಆದರೆ ಇನ್ನೂ ಅಗಿಯುತ್ತಾನೆ. ನುಂಗು ಅಂದರೆ ನಗುತ್ತಾನೆ.

ಬದನೆಕಾಯಿ ಈ ವರ್ಷ ಅಷ್ಟಕ್ಕಷ್ಟೇ. ಎಲೆಗೆಲ್ಲ ಸಣ್ಣ ಸಣ್ಣ ತೂತು ಮಾಡುವ ಹುಳ ಬಿತ್ತು. ಎರಡು ಸಲ ಎಣ್ಣೆಗಾಯಿ ಮಾಡುವಷ್ಟು ಸಿಕ್ಕಿತು, ಸಾಕು. ಬನಾನಾ ಪೆಪ್ಪರ್ ಅಂತ ಒಂದು ಮೆಣಸಿನಕಾಯಿ ಇದೆ, ತಿಳಿ ಹಳದಿ, ಗೇಣುದ್ದ. ಬಜ್ಜಿಗೆ ಅದೇ ಸರಿ. ಮಳೆ ಬಂದ ಸಂಜೆ ಮಾಡಿದ್ದೆ.

ಸೌತೆಕಾಯಿ ಮಾತ್ರ ದಿನಾ ಬೆಳಗ್ಗೆ ಕೀಳಲೇಬೇಕು. ನಿನ್ನೆ ಹೀಚು ಅಂತ ಬಿಟ್ಟಿದ್ದು ಇವತ್ತು ಎಲೆ ಮರೆಯಲ್ಲಿ ಬಲಿತು ಕೂತಿರುತ್ತದೆ. ಸೌತೆಕಾಯಿಯ ಮೂಲ ನಮ್ಮ ದೇಶವೇ, ಗೊತ್ತಾ ಅಪ್ಪ? ಟೊಮೆಟೊ, ಮೆಣಸಿನಕಾಯಿ, ಜೋಳ ಮೂರೂ ಈ ಖಂಡದವು, ಇಲ್ಲಿಂದ ಹಡಗು ಹತ್ತಿ ನಮ್ಮ ಅಡುಗೆಮನೆಗೆ ಬಂದವು. ಸೌತೆ ಅಲ್ಲಿಂದ ಇಲ್ಲಿಗೆ ಬಂತು. ಮಕ್ಕಳಿಗೆ ಇದನ್ನು ಹೇಳಿದೆ. ಚಿಕ್ಕವನು ಸೌತೆಕಾಯಿ ಹಿಡಿದುಕೊಂಡು "ಇದು ಅಜ್ಜಿ ಊರಿಂದು" ಅಂತ ಪಕ್ಕದ ಮನೆ ಅಜ್ಜನಿಗೂ ಹೇಳಿ ಬಂದ. ಸೌತೆಕಾಯಿ ತುದಿ ಕತ್ತರಿಸಿ, ಅದೇ ತುಂಡಿನಿಂದ ಉಜ್ಜಿ ನೊರೆ ಬರಿಸಿ ಕಹಿ ತೆಗೆಯುವುದನ್ನು ಅವರು ನೋಡಿರಲಿಲ್ಲ. ನಾನು ಮಾಡಿ ತೋರಿಸಿದೆ. ಈಗ ಅವರೂ ಮಾಡುತ್ತಾರೆ.

ಪ್ರಾಣಿಗಳ ಕಾಟ ಇಲ್ಲೂ ಇದೆ. ಅಲ್ಲಿ ಮಂಗ, ಇಲ್ಲಿ ಜಿಂಕೆ. ಜಿಂಕೆ ಎಂಟಡಿ ಬೇಲಿಯನ್ನೂ ಹಾರಬಲ್ಲದು. ಗ್ರೌಂಡ್‌ಹಾಗ್ ಅಂತ ಇನ್ನೊಂದು, ಹೆಗ್ಗಣಕ್ಕಿಂತ ಬಹಳ ದೊಡ್ಡದು, ಕಂದು ಬಣ್ಣ. ಅದು ಬೇಲಿ ಕೆಳಗೆ ಬಿಲ ತೋಡಿಕೊಂಡು ಬರುತ್ತದೆ. ಜೂನ್‌ನಲ್ಲಿ ಒಂದೇ ಬೆಳಗಿನಲ್ಲಿ ಹುರುಳಿಕಾಯಿ ಗಿಡವನ್ನೆಲ್ಲ ಬುಡದವರೆಗೆ ಮೇಯ್ದು ಹೋಯಿತು. ನನಗೆ ಅಳುವೇ ಬಂತು. ನಿಮ್ಮ ಅಳಿಯ ರಜೆ ಹಾಕಿ, ಬೇಲಿ ತಂತಿಯನ್ನು ಒಂದಡಿ ಮಣ್ಣಿನೊಳಗೆ ಹೂತರು. ಮತ್ತೆ ಬಿತ್ತಿದೆವು. ಈಗ ಕಾಯಿ ಬಿಡುತ್ತಿದೆ. ಇನ್ನು ಹಸಿರು ತಲೆಯ, ತಾಮ್ರದ ಬಣ್ಣದ ಒಂದು ಜೀರುಂಡೆ ಇದೆ, ಜಪಾನಿನದು. ಈ ದೇಶದಲ್ಲಿ ಅದು ಮೊದಲು ಕಂಡದ್ದೇ ಈ ರಾಜ್ಯದ ರಿವರ್ಟನ್ ಹತ್ತಿರ, 1916ರಲ್ಲಿ. ಬೆಳಗಿನ ತಂಪಿನಲ್ಲಿ ಅದು ಮಂಕಾಗಿರುತ್ತದೆ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುತ್ತೇನೆ. ಔಷಧಿ ಹೊಡೆಯುವುದಿಲ್ಲ. ಮಕ್ಕಳು ಕಿತ್ತು ಹಾಗೇ ತಿನ್ನುತ್ತಾರಲ್ಲ.

ಅದೇ 1916ರಲ್ಲೇ ಇಲ್ಲಿ ಇನ್ನೊಂದು ಒಳ್ಳೆಯದೂ ಆಯಿತು. ಬ್ಲೂಬೆರಿ ಅಂತ ಹಣ್ಣು, ನೇರಳೆಯ ಬಣ್ಣ, ಗಾತ್ರ ಬಟಾಣಿಗಿಂತ ದೊಡ್ಡದು. ಮೊದಲು ಅದು ಕಾಡಿನಲ್ಲಷ್ಟೇ ಬೆಳೆಯುತ್ತಿತ್ತು. ವೈಟ್ಸ್‌ಬಾಗ್ ಅನ್ನುವ ಊರಿನ ಎಲಿಜಬೆತ್ ವೈಟ್ ಎಂಬ ಹೆಣ್ಣುಮಗಳು, ಕಾಡು ಬಲ್ಲ ಜನರಿಗೆ ದುಡ್ಡು ಕೊಟ್ಟು ದಪ್ಪ ಹಣ್ಣಿನ ಗಿಡ ಹುಡುಕಿಸಿದರು. ಫ್ರೆಡರಿಕ್ ಕೋವಿಲ್ ಅನ್ನುವ ಸಸ್ಯ ವಿಜ್ಞಾನಿ ಅವನ್ನು ಕೂಡಿಸಿ ತಳಿ ಮಾಡಿದರು. ಆ ವರ್ಷ ತೋಟದ ಮೊದಲ ಬೆಳೆ ಮಾರಾಟಕ್ಕೆ ಬಂತು. ಜುಲೈನಲ್ಲಿ ಆ ಜಾಗಕ್ಕೆ ಹೋಗಿದ್ದೆವು. ಮಕ್ಕಳ ನಾಲಿಗೆ ನೇರಳೆ ಹಣ್ಣು ತಿಂದ ಹಾಗೇ ಆಗಿತ್ತು.

ಈಗ ಅವರೆ. ಅಮ್ಮ, ಇದಕ್ಕೆ ನೀನೇ ಉತ್ತರ ಹೇಳಬೇಕು. ಕನ್ನಡ ಕೂಟದ ಗೆಳತಿಯೊಬ್ಬಳು ಹತ್ತು ಬೀಜ ಕೊಟ್ಟಿದ್ದಳು. ಮೇ ಕೊನೆಗೆ ಹಾಕಿದೆ. ಬಳ್ಳಿ ಬೇಲಿ ಹತ್ತಿ, ಬೇಲಿಯಿಂದ ಗ್ಯಾರೇಜಿನ ಮಾಡಿಗೆ ಹೋಗಿದೆ. ಎಲೆಯೋ ಎಲೆ. ಇವತ್ತಿಗೂ ಒಂದು ಹೂವಿಲ್ಲ. ಯಾಕೆ ಅಂತ ಕೊನೆಗೆ ಗೊತ್ತಾಯಿತು. ನಾಟಿ ಅವರೆಗೆ ಹಗಲು ಗಿಡ್ಡವಾದರೆ ಮಾತ್ರ ಹೂ. ನಮ್ಮೂರಿನಲ್ಲಿ ವರ್ಷದ ಅತಿ ಉದ್ದದ ದಿನವೂ 13 ಗಂಟೆ ದಾಟುವುದಿಲ್ಲ. ಇಲ್ಲಿ ಜೂನ್‌ನಲ್ಲಿ 15 ಗಂಟೆ ಬೆಳಕು, ರಾತ್ರಿ ಎಂಟೂವರೆಗೆ ಸೂರ್ಯ ಮುಳುಗುತ್ತಾನೆ. ಪಾಪ, ಆ ಬಳ್ಳಿ ಚಳಿಗಾಲಕ್ಕೆ ಕಾಯುತ್ತಾ ಕೂತಿದೆ. ಸೆಪ್ಟೆಂಬರ್‌ನಲ್ಲಿ ಹೂ ಬರುತ್ತದೆ. ಅಕ್ಟೋಬರ್‌ನಲ್ಲಿ ಹಿಮ ಬಿದ್ದರೆ ಮುಗಿಯಿತು. ನಡುವೆ ಸಿಗುವುದು ನಾಲ್ಕು ವಾರ. ಕಾಳು ಬಲಿಯುತ್ತದಾ? ಹಗಲಿನ ಲೆಕ್ಕ ನೋಡದೆ ಹೂ ಬಿಡುವ ಹೆಬ್ಬಾಳ ಅವರೆ ತಳಿ ಇದೆಯಲ್ಲ ಅಪ್ಪ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮಾಡಿದ್ದು, ಅದಾದರೆ ಇಲ್ಲಿ ನಡೆಯುತ್ತದೆ ಅನ್ನಿಸುತ್ತದೆ. ಆದರೆ ದಯವಿಟ್ಟು ಯಾರ ಕೈಲೂ ಬೀಜ ಕಳಿಸಬೇಡಿ. ಇಲ್ಲಿಗೆ ಬೀಜ ತರಲು ಸರ್ಕಾರದ ಅನುಮತಿ, ಗಿಡಕ್ಕೆ ರೋಗವಿಲ್ಲ ಅನ್ನುವ ಪತ್ರ ಎಲ್ಲ ಬೇಕು. ನಾನೇ ವಿಚಾರಿಸುತ್ತೇನೆ.

ಅಲ್ಲಿ ನೀವು ಈಗ ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕಿರುತ್ತೀರಿ. ಅದು ತನ್ನ ಹೊತ್ತಿಗೆ ಹೂ ಬಿಟ್ಟು, ಡಿಸೆಂಬರ್ ಇಬ್ಬನಿಗೆ ಸೊಗಡು ತುಂಬಿಕೊಂಡು ಬರುತ್ತದೆ. ಸೊಗಡು ಅನ್ನುವ ಮಾತನ್ನು ಪಕ್ಕದ ಮನೆ ಅಜ್ಜನಿಗೆ ವಿವರಿಸಲು ಹೋಗಿ ಸೋತೆ.

ಅವರೆ ಅಂದಾಗ ಒಂದು ವಿಷಯ ಹೇಳಲೇಬೇಕು. ಇಪ್ಪತ್ತು ವರ್ಷದಿಂದ ಹೇಳಿಲ್ಲ. ನಾನು ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ, ಸಂಕ್ರಾಂತಿ ರಜೆ ಮುಗಿಸಿ ಹೊರಟ ದಿನ, ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನೀನು ಕಿಟಕಿಯಿಂದ ಒಂದು ಚೀಲ ಅವರೆಕಾಯಿ ಕೊಟ್ಟೆ. ಬೆಳಗ್ಗೆ ಐದಕ್ಕೇ ಎದ್ದು, ಇಬ್ಬನಿಯಲ್ಲಿ ಸೀರೆ ನೆನೆಸಿಕೊಂಡು ಕಿತ್ತಿದ್ದೆ. ನಿನ್ನ ಬೆರಳೆಲ್ಲ ಸೊಗಡಿಗೆ ಅಂಟಂಟಾಗಿತ್ತು. "ಅಲ್ಲಿ ಯಾರಾದರೂ ಅಡುಗೆಯವರಿಗೆ ಕೊಡು, ಎಲ್ಲರೂ ಸೇರಿ ತಿನ್ನಿ" ಅಂದೆ. ನನಗೆ ಅದನ್ನು ಹೊತ್ತುಕೊಂಡು ಹಾಸ್ಟೆಲಿಗೆ ಹೋಗಲು ನಾಚಿಕೆಯಾಯಿತು ಅಮ್ಮ. ಮಂಚದ ಕೆಳಗೆ ತಳ್ಳಿಬಿಟ್ಟೆ. ಮೂರು ದಿನಕ್ಕೆ ಬಿಸಿಯಾಗಿ, ಬೂಸ್ಟು ಹಿಡಿದು ವಾಸನೆ ಬಂತು. ರಾತ್ರಿ ಹೊತ್ತು ಹೋಗಿ ಎಸೆದು ಬಂದೆ. ನೀನು ಫೋನಿನಲ್ಲಿ ಕೇಳಿದಾಗ ಎಲ್ಲರೂ ತಿಂದರು, ತುಂಬಾ ಚೆನ್ನಾಗಿತ್ತು ಅಂದೆ. ನೀನು ಎಷ್ಟು ಸಂತೋಷಪಟ್ಟೆ. ಮುಂದಿನ ಸಲ ಇನ್ನೂ ಜಾಸ್ತಿ ಕೊಟ್ಟೆ.

ಮೊನ್ನೆ ಬೆಳಗ್ಗೆ ಬಾಗಿಲು ತೆಗೆದರೆ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಸೌತೆಕಾಯಿಯ ಹಾಗೆ ಕಾಣುವ ಜುಕಿನಿ ಅನ್ನುವ ತರಕಾರಿ ಮೂರು, ಒಂದು ಹಿಡಿ ತುಳಸಿ ಜಾತಿಯ ಬೇಸಿಲ್ ಎಲೆ, ಎಂಟು ಅಂಜೂರ. ಅಂಜೂರ ಜಜ್ಜದ ಹಾಗೆ ನಡುವೆ ಎಲೆ ಹಾಸಿದ್ದರು. ಅಜ್ಜನಿಗೆ 80 ದಾಟಿದೆ. ಬಗ್ಗಲು ಕಷ್ಟ. ಅಷ್ಟೊತ್ತಿಗೇ ಎದ್ದು ಕಿತ್ತು, ಬಾಗಿಲು ಬಡಿಯದೆ ಇಟ್ಟು ಹೋಗಿದ್ದರು. ಚೀಲ ಕೈಯಲ್ಲಿ ಹಿಡಿದು ನಾನು ಎಷ್ಟೋ ಹೊತ್ತು ಬಾಗಿಲಲ್ಲೇ ನಿಂತೆ. ನನ್ನ ಕಣ್ಣ ಮುಂದೆ ಇದ್ದದ್ದು ಬಸ್ಸಿನ ಕಿಟಕಿ. ತಪ್ಪಾಯಿತು ಅಮ್ಮ. ಅಪ್ಪ, ಈ ಭಾಗ ಅಮ್ಮನಿಗೆ ನಿಧಾನವಾಗಿ ಓದಿ ಹೇಳಿ.

ನಾನೂ ಅವರಿಗೆ ಕೊಟ್ಟು ಕಳಿಸುತ್ತೇನೆ. ಹುರುಳಿಕಾಯಿ ಪಲ್ಯಕ್ಕೆ ತೆಂಗಿನಕಾಯಿ ಹಾಕಿ ಕಳಿಸಿದ್ದೆ, ತುಂಬಾ ಇಷ್ಟಪಟ್ಟರು. ಮುಂದಿನ ವಾರ ಅವರ ಮಕ್ಕಳು ಬರುತ್ತಾರೆ. ಎಲ್ಲ ಸೇರಿ ಗಾಜಿನ ಸೀಸೆಗಳಿಗೆ ಟೊಮೆಟೊ ತುಂಬಿ, ಒಂದೊಂದಕ್ಕೂ ಬೇಸಿಲ್ ಎಲೆ ಹಾಕಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ ಇಡುತ್ತಾರೆ. ಚಳಿಗಾಲವೆಲ್ಲ ಅದೇ. ನನ್ನನ್ನೂ ಕರೆದಿದ್ದಾರೆ. ಅಜ್ಜಿ ಮಾವಿನಕಾಯಿ ಹೆಚ್ಚಿ ಜಾಡಿ ತುಂಬುವಾಗ ಮನೆ ತುಂಬ ಜನ ಸೇರುತ್ತಿದ್ದರಲ್ಲ, ಹಾಗೇ ಇರುತ್ತದೆ ಅಂದುಕೊಂಡಿದ್ದೇನೆ. ನಾನು ನನ್ನ ಪಾಲಿನ ಹಣ್ಣಿನಲ್ಲಿ ಟೊಮೆಟೊ ತೊಕ್ಕು ಮಾಡಬೇಕು. ಮೆಂತ್ಯದ ಪುಡಿ ಎಷ್ಟು ಹಾಕಬೇಕು ಅಂತ ಭಾನುವಾರ ಹೇಳು.

ಇನ್ನು ಹತ್ತು ದಿನಕ್ಕೆ ಗೌರಿ ಹಬ್ಬ. ಬಾಗಿನಕ್ಕೆ ಇಡಲು ಈ ಸಲ ನಮ್ಮ ತೋಟದ್ದೇ ಸೌತೆಕಾಯಿ, ಬದನೆಕಾಯಿ ಇದೆ. ಮೊರ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು.

ಮುಂದಿನ ವರ್ಷ ನವೆಂಬರ್‌ನಲ್ಲಿ ಬರಬೇಡಿ. ಜುಲೈನಲ್ಲಿ ಬನ್ನಿ. ಟಿಕೆಟ್ ನಾವು ನೋಡುತ್ತೇವೆ. ತೆಂಗಿನ ತೋಟ ಅಣ್ಣ ನೋಡಿಕೊಳ್ಳುತ್ತಾನೆ, ಕೇಳಿದ್ದೇನೆ, ಆಗಲಿ ಅಂದ. ಅಪ್ಪ, ನಿಮಗೆ ಆ ಅಜ್ಜನ ಜೊತೆ ಭಾಷೆ ಬೇಕಾಗುವುದಿಲ್ಲ. ಇಬ್ಬರೂ ಮಣ್ಣು ಹಿಡಿಯಲ್ಲಿ ಹಿಸುಕಿ ನೋಡುವವರೇ.

ಬರೆಯುತ್ತಾ ಹನ್ನೊಂದು ಗಂಟೆಯಾಯಿತು. ಮಕ್ಕಳು ಎದ್ದು ಎರಡು ಸಲ ತಿಂಡಿ ತಿಂದಾಯಿತು. ಒಳಗೆ ಕುಕ್ಕರ್ ಕೂಗುತ್ತಿದೆ, ಸಾರಿಗೆ ಇಟ್ಟ ಬೇಳೆ ಬೆಂದಿರಬೇಕು. ಟೊಮೆಟೊ ಇನ್ನೂ ಗಿಡದಲ್ಲೇ ಇದೆ. ಹೋಗಿ ಎರಡು ಕಿತ್ತುಕೊಂಡು ಬರುತ್ತೇನೆ.

ಅಣ್ಣ, ಅತ್ತಿಗೆಗೆ ಕೇಳಿದೆ ಅಂತ ಹೇಳಿ. ಮಕ್ಕಳು ಅಜ್ಜಿ ತಾತನಿಗೆ ನಮಸ್ಕಾರ ಹೇಳಿದ್ದಾರೆ.

ಇಂತಿ,
ನಿಮ್ಮ ಮಗಳು